ಹನ್ನೊಂದನೆಯ ಪ್ರಶ್ನೆ

ನಮ್ಮ ದಹಿಸರ್ ಕಡೆಯ ಕನ್ನಡ ಸಂಘದ ಮಹಿಳಾ ವಿಭಾಗಕ್ಕೆ ಒಂದು ವಾಟ್ಸಾಪ್ ಗ್ರೂಪ್ ಇದೆ. ಬೆಳಿಗ್ಗೆ ಗುಲಾಬಿ ಹೂವಿನ ಶುಭೋದಯ, ಮಧ್ಯಾಹ್ನ ಯಾರದೋ ಮೊಮ್ಮಗುವಿನ ಫೋಟೊ, ಸಂಜೆ ಭಜನೆಯ ಸಮಯ. ಒಂದು ದಿನ ಇವುಗಳ ನಡುವೆ ಬೇರೆ ಥರದ ಪ್ರಕಟಣೆ ಬಂತು. ನಲವತ್ತೈದು ದಾಟಿದ ಹೆಂಗಸರ ಆರೋಗ್ಯದ ಬಗ್ಗೆ ಒಂದು ಆಸ್ಪತ್ರೆಯವರು ಸಂಶೋಧನೆ ನಡೆಸುತ್ತಿದ್ದಾರೆ, ಸಂಘದ ಹಾಲ್‌ನಲ್ಲಿ ಒಂದು ಬೆಳಗಿನ ಕಾರ್ಯಕ್ರಮ ಇದೆ, ಬಿ.ಪಿ., ಶುಗರ್, ಮೂಳೆಯ ಪರೀಕ್ಷೆ ಪುಕ್ಕಟೆ, ಭಾಗವಹಿಸುವವರು ಹೆಸರು ಕೊಡಬೇಕು. ಕೆಳಗೆ ಇನ್ನೊಂದು ಸಾಲಿತ್ತು: ಕನ್ನಡದಲ್ಲಿ ಪ್ರಶ್ನೆ ಓದಿ ಉತ್ತರ ಬರೆದುಕೊಳ್ಳಲು ಸ್ವಯಂಸೇವಕಿಯರು ಬೇಕಾಗಿದ್ದಾರೆ.

ನಾನು ಹೆಸರು ಕೊಟ್ಟದ್ದು ಆ ಕೊನೆಯ ಸಾಲಿಗೆ. ವಿಮಾ ಕಚೇರಿಯಲ್ಲಿ ಮೂವತ್ತು ವರ್ಷ ಬೇರೆಯವರ ಫಾರ್ಮುಗಳಲ್ಲಿ ತಪ್ಪು ಹುಡುಕಿದವಳು ನಾನು. ನಿವೃತ್ತಿಯಾದ ಮೇಲೆ ಹುಡುಕಲು ಮನೆಯವರ ತಪ್ಪುಗಳು ಮಾತ್ರ ಉಳಿದಿದ್ದವು, ಅದರಿಂದ ಮನೆಯವರಿಗೆ ಸಾಕುಸಾಕಾಗಿತ್ತು. ನಾನು ಹೆಸರು ಕೊಟ್ಟೆನೆಂದು ತಿಳಿದಾಗ ಯಜಮಾನರಿಗೆ ಆದ ಸಂತೋಷವನ್ನು ಅವರು ಅಡಗಿಸಲೂ ಇಲ್ಲ.

ವಿಲೆ ಪಾರ್ಲೆಯ ಆ ಆಸ್ಪತ್ರೆಯಲ್ಲಿ ನಮಗೆ ಅರ್ಧ ದಿನದ ತರಬೇತಿ. ಕಲಿಸಿದವರು ಕುರ್ಲಾದ ಒಬ್ಬ ಹೆಂಗಸು, ವಿಜಯಪುರದ ಕಡೆಯ ಮುಸ್ಲಿಮರು. ಸುಮಾರು ಐವತ್ತರ ವಯಸ್ಸು, ಕೊರಳಲ್ಲಿ ಆಸ್ಪತ್ರೆಯ ಗುರುತುಚೀಟಿ. ಮನೆಯಲ್ಲಿ ದಖನಿ ಉರ್ದು, ಹೊರಗೆ ಹಿಂದಿ, ನಮ್ಮಂಥವರು ಸಿಕ್ಕರೆ ಅವರ ಊರಿನ ಕನ್ನಡ. ಸಾಲುಮನೆಗಳ ಚಾಳುಗಳಲ್ಲಿ ಮನೆಮನೆ ತಿರುಗಿ ಇದೇ ಕೆಲಸವನ್ನು ಹತ್ತಾರು ವರ್ಷ ಮಾಡಿದವರಂತೆ. ಅವರು ಹೇಳಿದ ನಿಯಮ ಮೂರೇ. ಪ್ರಶ್ನೆಯನ್ನು ಅಚ್ಚಾದ ಹಾಗೆಯೇ ಓದಬೇಕು. ಎದುರು ಕೂತವರು ಹೇಳಿದ ಉತ್ತರವನ್ನೇ ಬರೆಯಬೇಕು. ನಮ್ಮದೊಂದು ಮಾತನ್ನೂ ಸೇರಿಸಬಾರದು. ನನಗೆ ಈ ನಿಯಮಗಳು ಬಹಳ ಹಿಡಿಸಿದವು. ಮನುಷ್ಯರ ಜೊತೆ ಹೀಗೆ ಇರಬಹುದು ಎಂದು ಯಾರಾದರೂ ನನಗೆ ಮೊದಲೇ ಹೇಳಿದ್ದರೆ ಎಷ್ಟೋ ಜಗಳಗಳು ತಪ್ಪುತ್ತಿದ್ದವು.

ಇಲ್ಲಿ ನನ್ನ ಓರಗಿತ್ತಿಯ ವಿಷಯ ಹೇಳಬೇಕು, ಅಂದರೆ ಯಜಮಾನರ ಅಣ್ಣನ ಹೆಂಡತಿ. ನಾನು ಅಕ್ಕ ಎಂದು ಕರೆಯುತ್ತೇನೆ. ನಾವು ಉಡುಪಿಯ ಕಡೆಯವರು. ಅಣ್ಣ ತಮ್ಮ ಇಬ್ಬರೂ ಸೇರಿ ಪಾರ್ಲೆಯಲ್ಲಿ ಹೋಟೆಲು ನಡೆಸಿದವರು, ಒಂದೇ ಬಿಲ್ಡಿಂಗ್‌ನಲ್ಲಿ ಎದುರುಬದುರು ಫ್ಲಾಟು ತೆಗೆದುಕೊಂಡವರು. ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವರು, ಆದರೆ ಮದುವೆಯಾಗಿ ನಾನು ಬಂದ ದಿನದಿಂದ ನಲವತ್ತು ವರ್ಷ ದೊಡ್ಡವರ ಹಾಗೆಯೇ ನಡೆದುಕೊಂಡಿದ್ದಾರೆ. ತಿಂಗಳಿಗೆ ಮೂರು ದಿನ ಬಾಲ್ಕನಿಯ ಮೂಲೆಯಲ್ಲಿ ಕೂರುವುದನ್ನು ನನಗೆ ಕಲಿಸಿದವರು ಅವರೇ. ನನ್ನದು ಕಚೇರಿಯ ಕೆಲಸ, ಬೆಳಿಗ್ಗೆ ಲೋಕಲ್ ಹಿಡಿದು ಹೋಗಿಬಿಡುತ್ತಿದ್ದೆ. ಅವರು ಮಾತ್ರ ತಟ್ಟೆ ಲೋಟ ಬೇರೆ ಇಟ್ಟುಕೊಂಡು, ರೈಲಿನ ಸದ್ದು ಕೇಳುತ್ತ, ಮೂರು ದಿನವೂ ಅಲ್ಲೇ ಕೂತಿರುತ್ತಿದ್ದರು.

ಮುಟ್ಟು ನಿಂತ ವರ್ಷ ಅಕ್ಕನಿಗೆ ಹೊಸ ಅಧಿಕಾರ ಸಿಕ್ಕಿತು. ನಮ್ಮ ಸಂಘದಲ್ಲಿ ನವರಾತ್ರಿಯ ಒಂಬತ್ತು ದಿನದ ನೈವೇದ್ಯ ಮಾಡುವವರು ಮುಟ್ಟು ನಿಂತವರೇ ಆಗಬೇಕು, ಅದು ಮೊದಲಿನಿಂದ ಬಂದ ಕಟ್ಟಳೆ. ಯಾವ ದಿನ ಯಾರಿಗೆ ಏನಾಗುತ್ತದೋ ಎಂಬ ಲೆಕ್ಕಾಚಾರವೇ ಬೇಡ ಎಂದು ಹಿಂದಿನವರು ಮಾಡಿಟ್ಟದ್ದು. ಮೊದಲಿದ್ದ ಮುದುಕಿ ಕೈ ನಡುಗುತ್ತದೆ ಎಂದು ಬಿಟ್ಟಾಗ ಸೌಟು ಅಕ್ಕನ ಕೈಗೆ ಬಂತು. ಆರು ವರ್ಷದಿಂದ ಒಂಬತ್ತು ದಿನವೂ ಅವರೇ ನಸುಕಿಗೆ ತಲೆಗೆ ನೀರು ಹಾಕಿಕೊಂಡು ಹೋಗಿ ಪಾಯಸ, ಪಂಚಕಜ್ಜಾಯ, ಕೋಸಂಬರಿ ಮಾಡುತ್ತಿದ್ದರು. ಆ ಒಂಬತ್ತು ದಿನ ಅವರ ನಡಿಗೆಯೇ ಬೇರೆ. ಅವರಿಗೆ ಏನಾದರೂ ಆದರೆ, ಮುಟ್ಟು ನಿಂತವರಲ್ಲಿ ವಯಸ್ಸಿನ ಲೆಕ್ಕದಲ್ಲಿ ಮುಂದಿನವಳು ನಾನು. ನನಗೆ ಅಡಿಗೆ ಎಂದರೆ ತಲೆನೋವು. ಇದು ಎಲ್ಲರಿಗೂ ಗೊತ್ತಿದ್ದ ಮಾತು.

ಸಂಶೋಧನೆಯವರು ಬಂದ ಆ ವರ್ಷ ಆಟಿ ತಿಂಗಳ, ಅಂದರೆ ಆಷಾಢದ, ಮಳೆ ಬಿಟ್ಟ ಒಂದು ಮಧ್ಯಾಹ್ನ ನಾನು ಟೆರೇಸಿಗೆ ಬಟ್ಟೆ ತೆಗೆಯಲು ಹೋದೆ. ಅಕ್ಕನ ಹಗ್ಗದಲ್ಲಿ ಒಂದು ಬೈರಾಸು, ಮೈ ಒರೆಸುವ ಟವೆಲ್, ಹರವಿತ್ತು. ಗಾಳಿಗೆ ಬೈರಾಸಿನ ಅಂಚು ಎದ್ದಾಗ ಅಡಿಯಲ್ಲಿ ಹಳೆಯ ಸೀರೆಯ ನಾಲ್ಕು ತುಂಡು ಕಂಡವು, ಉದ್ದಕ್ಕೆ ಮಡಿಸಿದ ತುಂಡುಗಳು. ಹೀಗೆ ಯಾರ ಕಣ್ಣಿಗೂ ಬೀಳದಂತೆ ಒಣಗಿಸುವುದನ್ನು ನನಗೆ ಹೇಳಿಕೊಟ್ಟವರು ಇದೇ ಅಕ್ಕ. ಆ ಮನೆಯಲ್ಲಿ ಸೊಸೆ ಇಲ್ಲ, ಮಗಳು ಮದುವೆಯಾಗಿ ಪುಣೆಯಲ್ಲಿದ್ದಾಳೆ. ನಿಂತು ಆರು ವರ್ಷವಾದ ಮೇಲೆ ರಕ್ತ ಬರಬಾರದು ಎಂದು ತಿಳಿಯಲು ಡಾಕ್ಟರ್ ಆಗಬೇಕಿಲ್ಲ. ನನಗೆ ತಿಳಿಯಿತು. ನನ್ನ ಬಟ್ಟೆ ತೆಗೆದುಕೊಂಡು ಕೆಳಗೆ ಬಂದೆ.

ಕಾರ್ಯಕ್ರಮದ ದಿನ ಹಾಲ್‌ನಲ್ಲಿ ಮೇಜು ಕುರ್ಚಿ ಹಾಕಿಸಿದವಳು ನಾನೇ. ಫ್ಯಾನ್ ಸರಿಯಾಗಿ ತಿರುಗುವುದು ದೇವಿಯ ದೊಡ್ಡ ಫೋಟೊದ ಕೆಳಗೆ ಮಾತ್ರ. ಹಾಗಾಗಿ ನನ್ನ ಮೇಜನ್ನು ಅಲ್ಲಿಯೇ ಇಟ್ಟೆ. ಫೋಟೊದ ಮುಂದೆ ದೀಪ ಉರಿಯುತ್ತಿತ್ತು. ಹೆಂಗಸರು ಎದುರಿಗೆ ಬೆಂಚುಗಳಲ್ಲಿ ಕೂತರು, ಒಬ್ಬರು ಹೇಳಿದ್ದು ಮೂರು ಸಾಲಿಗೆ ಕೇಳುವಂತೆ. ಎಲ್ಲಕ್ಕೂ ಮೊದಲು ಒಪ್ಪಿಗೆಯ ಹಾಳೆ ಓದಬೇಕಿತ್ತು. ಅದರಲ್ಲಿ ಒಂದು ಸಾಲು: "ನೀವು ಯಾವಾಗ ಬೇಕಾದರೂ ಇದರಿಂದ ಹೊರಬರಬಹುದು, ಕಾರಣ ಹೇಳಬೇಕಾಗಿಲ್ಲ." ಒಬ್ಬಾಕೆ ಅದನ್ನು ಇನ್ನೊಮ್ಮೆ ಓದಿಸಿದಳು. ಓದಿದೆ. "ಮದುವೆಗೂ ಇಂಥದ್ದೊಂದು ಹಾಳೆ ಇದ್ರೆ ಒಳ್ಳೆದಿತ್ತು ಮಾರಾಯ್ತಿ" ಅಂದಳು. ಇಡೀ ಹಾಲ್ ನಕ್ಕಿತು. ನಿಯಮದ ಪ್ರಕಾರ ನಾನು ನಗಲಿಲ್ಲ.

ಹಿರಿಯರಿಂದ ಶುರುಮಾಡುವುದು ನಮ್ಮ ಪದ್ಧತಿ. ಮೊದಲು ಬಂದು ಕೂತವರು ಅಕ್ಕ. ಊಟ, ನಿದ್ದೆ, ಮಂಡಿನೋವು ಎಲ್ಲ ಆಗಿ ಹನ್ನೊಂದನೆಯ ಪ್ರಶ್ನೆಗೆ ಬಂದೆವು. ಅಚ್ಚಾದ ಹಾಗೆಯೇ ಓದಿದೆ: "ಮುಟ್ಟು ಪೂರ್ತಿ ನಿಂತ ಮೇಲೆ ಒಮ್ಮೆಯಾದರೂ ರಕ್ತ ಕಂಡಿದೆಯೇ?"

"ಇಲ್ಲ" ಎಂದರು ಅಕ್ಕ, ಕೊನೆಯ ಬೆಂಚಿಗೂ ಕೇಳುವ ಹಾಗೆ. "ನಿಂತದ್ದು ನಿಂತಿತು. ಇನ್ನು ಎಂತಕ್ಕೆ ಬರ್ತದೆ?"

ಹೌದು ಎಂದವರನ್ನು ಆಗಲೇ ಪಕ್ಕದ ಕೋಣೆಗೆ ಕಳಿಸಬೇಕು ಎಂದು ಫಾರ್ಮಿನಲ್ಲಿ ಬರೆದಿತ್ತು. ಅಲ್ಲಿ ಹೆಂಗಸರ ಡಾಕ್ಟರ್ ಒಬ್ಬರು ಅದಕ್ಕಾಗಿಯೇ ಕೂತಿದ್ದರು. ನಾನು ಅಕ್ಕನ ಮುಖ ನೋಡಿದೆ. ಅವರು ನನ್ನ ಪೆನ್ನು ನೋಡುತ್ತಿದ್ದರು. ಹೇಳಿದ ಉತ್ತರವನ್ನೇ ಬರೆಯಬೇಕು. ಇಲ್ಲ ಎಂದು ಬರೆದೆ. ಆಮೇಲೆ ಬಂದವರೆಲ್ಲ ಅದೇ ದೇವಿಯ ಕೆಳಗೆ, ಅದೇ ಬೆಂಚುಗಳ ಮುಂದೆ, ಅಕ್ಕ ಹಾಕಿಕೊಟ್ಟ ದಾರಿಯಲ್ಲೇ ನಡೆದರು. ಇಲ್ಲ, ಇಲ್ಲ, ಇಲ್ಲ. ಪಕ್ಕದ ಕೋಣೆಯ ಡಾಕ್ಟರ್ ಮಧ್ಯಾಹ್ನದವರೆಗೆ ಫೋನ್ ನೋಡಿಕೊಂಡು ಕೂತು, ಉಪ್ಪಿಟ್ಟು ತಿಂದು, ಹೊರಟುಹೋದರು. ನನ್ನ ಅಕ್ಷರ ಚೆನ್ನಾಗಿದೆ ಎಂದು ಆಸ್ಪತ್ರೆಯ ಹುಡುಗಿಯರು ಹೊಗಳಿದರು.

ವಾರ ಕಳೆದು ಕುರ್ಲಾದ ಆ ಹೆಂಗಸು ಫಾರ್ಮುಗಳ ಕಟ್ಟು ಹಿಡಿದು ನಮ್ಮ ಮನೆಗೇ ಬಂದರು. ನೀರು ಕುಡಿದು, ಕಟ್ಟನ್ನು ಟೀಪಾಯ್ ಮೇಲಿಟ್ಟರು.

"ಅಕ್ಕಾರ, ಒಂದ್ ಮಾತ್ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಹನ್ನೊಂದನೇದಕ್ಕ ಒಬ್ಬಾಕಿನೂ ಹೌದು ಅಂದಿಲ್ಲಲ್ರಿ."

"ಇಲ್ಲದವರು ಹೌದು ಅಂತ ಹೇಳ್ತಾರಾ?" ಅಂದೆ. ಕಚೇರಿಯಲ್ಲಿ ಆಡಿಟ್‌ನವರಿಗೆ ಉತ್ತರಿಸುತ್ತಿದ್ದ ದನಿ ತಾನಾಗಿ ಬಂದಿತ್ತು.

"ಹಂಗಲ್ರಿ. ಇಷ್ಟು ಮಂದ್ಯಾಗ ಒಬ್ಬಾಕಿಗರ ಇರತೈತಿ. ಎಲ್ಲಿ ಕುಂಡ್ರಿಸಿ ಕೇಳಿದ್ರಿ?"

"ದೇವರ ಫೋಟೊದ ಹತ್ತಿರ. ಅಲ್ಲಿ ಫ್ಯಾನ್ ಉಂಟು."

ಅವರು ನಕ್ಕರು, ನಕ್ಕು ಬಾಯಿಗೆ ದುಪಟ್ಟಾ ಅಡ್ಡ ಹಿಡಿದರು. "ಫ್ಯಾನ್ ಚಲೋ ಐತಿ ಬಿಡ್ರಿ. ಆದ್ರ ದೇವ್ರ ಮುಂದ ಕುಂತು ಯಾವಾಕಿ ಹೇಳ್ಯಾಳು? ನಮ್ ಕುರ್ಲಾದಾಗ ಹೆಣ್ಮಕ್ಳು ತಾವಾಗೇ ಬಂದ್ ಕೇಳ್ತಾರ. ಅವ್ರಿಗೆ ನಮಾಜ್ ಚಿಂತಿ. ತಿಂಗಳ ಮುಟ್ಟಿಂದಾದ್ರ ನಮಾಜ್ ಬಿಡಬೇಕು. ನಿಂತ ಮ್ಯಾಲ ಬಂದಿದ್ದು ಬ್ಯಾನಿ ರಕ್ತ, ಅದಕ್ಕ ನಮಾಜ್ ಬಿಡೂದಿಲ್ಲ, ಕೈಕಾಲು ಮಾರಿ ತೊಳ್ಕೊಂಡು ವಜೂ ಮಾಡಿ ಓದೂದು. ಹಂಗಂತ ನಮ್ ಅಮ್ಮೀನ ಕಲಿಸ್ಯಾಳ. ಯಾವುದಂತ ಗೊತ್ತಾಗಬೇಕಲ್ರಿ, ಅದಕ್ಕ ಡಾಕ್ಟರ್ ಕಡೆ ಹೋಗ್ತಾರ."

ನಾನು ಚಹಾ ತಂದೆ. ಅವರು ಬಿಸ್ಕತ್ತು ಮುಟ್ಟಲಿಲ್ಲ. ಮೆತ್ತಗೆ ಇನ್ನೊಂದು ಕೇಳಿದರು: "ನಿಮಗ ಗೊತ್ತಿದ್ದವ್ರು ಯಾರರ ಅದಾರೇನ್ರಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಎದುರಿನ ಫ್ಲಾಟಿನ ಬಾಗಿಲು ನೋಡಿದೆ, ಆಮೇಲೆ "ಇಲ್ಲ" ಅಂದೆ. ಇದಕ್ಕೆ ಯಾವ ನಿಯಮದ ಆಸರೆಯೂ ಇರಲಿಲ್ಲ. ನವರಾತ್ರಿಗೆ ಹದಿನೈದೇ ದಿನ ಉಳಿದಿತ್ತು. ಅಕ್ಕನ ಮಾನದ ಪ್ರಶ್ನೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಸತ್ಯ. ಉಳಿದ ಅರ್ಧ ಒಂಬತ್ತು ದಿನದ ಪಾಯಸ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ, ಆದರೆ ಬರೆಯದೆ ಬಿಟ್ಟರೆ ಇನ್ನೊಂದು ಸುಳ್ಳು ಫಾರ್ಮು ತುಂಬಿದಂತೆ.

ನವರಾತ್ರಿ ನಡೆಯಿತು. ಅಕ್ಕ ಒಂಬತ್ತು ದಿನವೂ ಹೋದರು. ಐದನೆಯ ದಿನ ನಾನು ತೆಂಗಿನಕಾಯಿ ಕೊಡಲು ಅಡಿಗೆಮನೆಗೆ ಹೋದಾಗ ಅವರು ಒಲೆ ಹತ್ತಿಸಿ, ಪಕ್ಕದ ಗೋಡೆಗೆ ಒರಗಿ, ನೆಲದಲ್ಲಿ ಕೂತಿದ್ದರು. ಅಕ್ಕ ಅಡಿಗೆಯ ನಡುವೆ ಕೂತದ್ದನ್ನು ನಾನು ಆ ತನಕ ನೋಡಿರಲಿಲ್ಲ. ತುಟಿ ಬಿಳಿಚಿತ್ತು. "ಸೆಕೆ" ಅಂದರು. ನಾನು ಕಾಯಿ ಇಟ್ಟು ಬಂದೆ. ಆ ದಿನದ ಪಾಯಸ ಬಹಳ ರುಚಿಯಾಗಿತ್ತು ಎಂದು ಗ್ರೂಪಿನಲ್ಲಿ ಕೈ ಮುಗಿಯುವ ಚಿತ್ರಗಳು ಸಾಲಾಗಿ ಬಂದವು.

ಹಬ್ಬ ಮುಗಿದ ಮೇಲೆ ಕುರ್ಲಾದವರು ಇನ್ನೊಂದು ಸುತ್ತು ಇಟ್ಟರು. ಈ ಸಲ ಕೇಳಿದವರು ಅವರೇ, ಹಾರ್ಮೋನಿಯಂ ಮತ್ತು ಮಡಚುವ ಕುರ್ಚಿಗಳನ್ನು ಇಡುವ ಕೋಣೆಯಲ್ಲಿ, ಒಬ್ಬೊಬ್ಬರನ್ನೇ ಕರೆದು, ಬಾಗಿಲು ಮುಚ್ಚಿ. ಅಲ್ಲಿ ಫ್ಯಾನೂ ಇರಲಿಲ್ಲ. ನಾನು ಹೊರಗೆ ಸರದಿ ನೋಡಿಕೊಂಡೆ. ಆ ಕೋಣೆಯಿಂದ ಮೂವರು ನೇರ ಡಾಕ್ಟರ್ ಬಳಿ ಹೋದರು. ಅವರಲ್ಲಿ ಒಬ್ಬಾಕೆ ಮದುವೆಗೂ ಹಾಳೆ ಬೇಕು ಎಂದು ನಗಿಸಿದವಳು. ಹೋಗುವಾಗ ನನ್ನ ಕಡೆ ನೋಡಲಿಲ್ಲ. ಅಕ್ಕ ಬರಲೇ ಇಲ್ಲ. ಫೋನ್ ಮಾಡಿದ್ದಕ್ಕೆ, "ಒಮ್ಮೆ ಹೇಳಿ ಆಯ್ತಲ್ಲ, ಎಷ್ಟು ಸಲ ಹೇಳುದು?" ಎಂದರು.

ಆ ಮೂವರು ನಡೆದು ಹೋದದ್ದನ್ನು ನೋಡಿದ ಮೇಲೆ ನನಗೆ ಕೂರಲು ಆಗಲಿಲ್ಲ. ಮರುದಿನ ಮಧ್ಯಾಹ್ನ ಭಾವ ಮಲಗಿದ ಹೊತ್ತಿಗೆ ಎದುರು ಮನೆಗೆ ಹೋದೆ. ಅಕ್ಕ ಬಸಳೆ ಸೊಪ್ಪು ಸೋಸುತ್ತಿದ್ದರು. ನಾನೂ ಒಂದು ಬಳ್ಳಿ ಎಳೆದುಕೊಂಡೆ. ಮಾತು ಹೇಗೆ ಶುರುಮಾಡುವುದೆಂದು ಬಾಗಿಲಲ್ಲಿ ಯೋಚಿಸಿದ್ದೆಲ್ಲ ಮರೆತುಹೋಯಿತು.

"ಅಕ್ಕ, ನಾನು ಬಟ್ಟೆ ಕಂಡಿದ್ದೇನೆ" ಅಂದೆ.

ಅವರು ಎಲೆ ಕೀಳುವುದನ್ನು ನಿಲ್ಲಿಸಲಿಲ್ಲ. "ಯಾವಾಗ?"

"ಆಟಿಯಲ್ಲಿ."

"ಹ್ಞಾ" ಅಂದರು. ನಾನು ಕುರ್ಲಾದವರು ಹೇಳಿದ್ದನ್ನು ಹೇಳಿದೆ. ಇದು ತಿಂಗಳಿನದಲ್ಲ, ರೋಗದ್ದು, ಇದಕ್ಕೆ ಅವರಲ್ಲಿ ಪ್ರಾರ್ಥನೆಯನ್ನೂ ಬಿಡುವುದಿಲ್ಲ ಎಂದೆ.

"ಅವರ ದೇವರಿಗೆ ಬುದ್ಧಿ ಉಂಟು" ಅಂದರು ಅಕ್ಕ. ಆಮೇಲೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ನೋಡು, ಮೂವತ್ತು ಚಿಲ್ಲರೆ ವರ್ಷ ನಾನು ಆ ಮೂಲೆಯಲ್ಲಿ ಕೂತಿದ್ದೇನೆ. ನೀನು ಆಫೀಸಿಗೆ ಹೋಗ್ತಿದ್ದಿ. ನಿಂಗೆ ಗೊತ್ತಾಗುದಿಲ್ಲ. ಮಗಳ ನಾಮಕರಣದ ದಿನ ಸಹ ನಾನು ಬಾಲ್ಕನಿಯಿಂದ ನೋಡಿದ್ದು. ನಿಂತಾಗ ಬಿಡುಗಡೆ ಆಯ್ತು ಅಂದ್ಕೊಂಡೆ. ಇನ್ನು ಈ ವಯಸ್ಸಿನಲ್ಲಿ ಪುನಃ ಹೋಗಿ ಅಲ್ಲಿ ಕೂತ್ಕೊಳ್ಳುದಾ? ನನ್ನಿಂದ ಆಗುದಿಲ್ಲ."

ಅಕ್ಕ ಅಳುವುದನ್ನು ನಾನು ಅತ್ತೆ ತೀರಿಕೊಂಡಾಗಲೂ ನೋಡಿರಲಿಲ್ಲ. ಆಗಲೂ ಅವರು ಸರಿಯಾಗಿ ಅಳಲಿಲ್ಲ, ಮೂಗು ಒರೆಸಿಕೊಂಡು ತಟ್ಟೆ ಮತ್ತೆ ಎಳೆದುಕೊಂಡರು. ನನಗೆ ಅವರ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ನನ್ನ ಮೇಲೆ. ತುಳಸಿ ಪೂಜೆ ಆಗಲಿ, ಆಮೇಲೆ ನೋಡುವ ಎಂದರು. ನಾನು ಅಲ್ಲೇ ಕೂತು ಕುರ್ಲಾದವರಿಗೆ ಫೋನ್ ಹಚ್ಚಿ ಅಕ್ಕನ ಕೈಗೆ ಕೊಟ್ಟೆ. ಅವರಿಬ್ಬರೂ ಏನು ಮಾತಾಡಿದರೋ ಗೊತ್ತಿಲ್ಲ. ಅಕ್ಕ "ಹೌದಾ", "ಹೌದಾ" ಎನ್ನುತ್ತ ಒಳಗಿನ ಕೋಣೆಗೆ ಹೋದರು. ಹೊರಗೆ ಬಂದು, "ನಾಳೆ ಹತ್ತು ಗಂಟೆಗಂತೆ. ಅವರ ಭಾಷೆ ಅರ್ಧ ಅರ್ಥ ಆಗುದಿಲ್ಲ, ಆದ್ರೆ ಜನ ಒಳ್ಳೆಯವರು" ಎಂದರು.

ಪರೀಕ್ಷೆಗಳು ಆದವು. ಗರ್ಭಕೋಶದ ಒಳಪದರದಲ್ಲಿ ಗಡ್ಡೆ, ಒಳ್ಳೆಯ ಜಾತಿಯದಲ್ಲ. ಆಪರೇಷನ್ ಆಗಬೇಕು, ಆಮೇಲೆ ಕಿರಣದ ಚಿಕಿತ್ಸೆಯೂ ಬೇಕಾಗಬಹುದು ಎಂದರು ಡಾಕ್ಟರ್. ಮೊದಲೇ ಬಂದಿದ್ದರೆ ಕಿರಣ ತಪ್ಪುತ್ತಿತ್ತೇ ಎಂದು ನಾನು ಒಬ್ಬಳೇ ಹೋಗಿ ಕೇಳಿದೆ. ಹೇಳಲಾಗದು ಎಂದರು. ಹೌದು ಎಂದಿದ್ದರೆ ಅತ್ತುಬಿಡುತ್ತಿದ್ದೆ, ಇಲ್ಲ ಎಂದಿದ್ದರೆ ನಿದ್ದೆ ಮಾಡುತ್ತಿದ್ದೆ. ಹೇಳಲಾಗದು ಎಂಬ ಉತ್ತರವನ್ನು ಏನು ಮಾಡಬೇಕೋ ಈಗಲೂ ತಿಳಿದಿಲ್ಲ. ಅಕ್ಕ ಇದ್ದಾರೆ. ಎರಡೂ ಚಿಕಿತ್ಸೆ ಮುಗಿದು, ತೂಕ ಇಳಿದು, ಮೂರು ತಿಂಗಳಿಗೊಮ್ಮೆ ಪಾರ್ಲೆಯ ಆಸ್ಪತ್ರೆಗೆ ಹೋಗಿ ಬರುತ್ತಾರೆ. ಸಂಘದ ನೈವೇದ್ಯ ಈಗ ನನ್ನ ಪಾಲಿಗೆ ಬಂದಿದೆ, ಪಾಯಸ ಅಡಿ ಹಿಡಿಯುತ್ತದೆ, ಜನ ಪ್ರಸಾದವೆಂದು ತಿನ್ನುತ್ತಾರೆ.

ಆಪರೇಷನ್ನಿನ ಮುಂಚಿನ ದಿನ ನಡೆದದ್ದನ್ನು ಬರೆದರೆ ನನ್ನ ಕೆಲಸ ಮುಗಿಯುತ್ತದೆ. ಕುರ್ಲಾದವರು ಅಕ್ಕನ ವಾರ್ಡಿಗೆ ಬಂದರು. ಇಂಥ ಕಾಯಿಲೆಯವರು ಎಷ್ಟು ತಡವಾಗಿ ಬರುತ್ತಾರೆ, ಯಾಕೆ ತಡವಾಗುತ್ತದೆ ಎಂದು ಇನ್ನೊಂದು ಸಂಶೋಧನೆ ಶುರುವಾಗಿತ್ತಂತೆ. ಇಷ್ಟವಿದ್ದರೆ ಮಾತ್ರ, ಇಲ್ಲವಾದರೂ ಚಿಕಿತ್ಸೆಗೆ ತೊಂದರೆಯಿಲ್ಲ ಎಂದು ಎರಡು ಸಲ ಹೇಳಿದರು. ಅಕ್ಕ ಕೂಡಲೇ ಒಪ್ಪಿದರು. ಕುರ್ಲಾದವರು ಪೆನ್ನು ತೆಗೆದು ಮಂಚದ ಪಕ್ಕ ಕೂತರು.

"ನೀವು ಬೇಡ" ಅಂದರು ಅಕ್ಕ. ಕೈಗೆ ಸಲೈನ್ ಚುಚ್ಚಿತ್ತು, ಇನ್ನೊಂದು ಕೈಯಿಂದ ನನ್ನನ್ನು ತೋರಿಸಿದರು. "ಇವಳು ಬರೀಲಿ. ಅಕ್ಷರ ಚಂದ ಉಂಟು. ಈ ಸಲ ನಾನು ಹೇಳಿದ್ದಲ್ಲ, ಇವಳಿಗೆ ಗೊತ್ತಿದ್ದದ್ದು ಬರೀಲಿ."

ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಕುರ್ಲಾದವರು ನನ್ನ ಮುಖ ನೋಡಿದರು, ಅವರಿಗೆ ಆಗ ಎಲ್ಲ ತಿಳಿದಿರಬೇಕು. ಹಾಳೆಯನ್ನು ನನ್ನ ಕೈಗಿತ್ತರು.

ಮೊದಲ ಬಾರಿ ರಕ್ತ ಕಂಡದ್ದು ಯಾವ ತಿಂಗಳು ಎಂದು ಹಾಳೆಯಲ್ಲಿ ಕೇಳಿದ್ದರು. ಅಕ್ಕನನ್ನು ಕೇಳದೆ ಆಟಿ ಎಂದು ಬರೆದೆ, ಆಸ್ಪತ್ರೆಯವರಿಗೆ ತಿಳಿಯಲೆಂದು ಪಕ್ಕದಲ್ಲಿ ಜುಲೈ ಎಂದೂ ಬರೆದೆ. ಅದರ ಕೆಳಗಿನ ಪ್ರಶ್ನೆ, ಮನೆಯಲ್ಲಿ ಇನ್ನೊಬ್ಬರಿಗೆ ಇದು ತಿಳಿದದ್ದು ಯಾವ ತಿಂಗಳು. ಅಲ್ಲಿಯೂ ಅದನ್ನೇ ಬರೆದೆ.